ಬದಲಿಯ ಮಂಚ

ಅವಳನ್ನು ಎಲ್ಲರೂ ಮಂಚದಕ್ಕ ಎನ್ನುತ್ತಿದ್ದರು. ಹೊಸದಾಗಿ ಬಸ್ಸಿಳಿದ ಗಂಡಸರು ಆ ಹೆಸರು ಕೇಳಿ ಮೀಸೆಯೊಳಗೇ ನಗುತ್ತಿದ್ದರು. ಆ ನಗುವನ್ನು ಹೊತ್ತುಕೊಂಡೇ ಅವಳ ಬಾಗಿಲಿಗೆ ಹೋದವರು ಪೊರಕೆಯ ರುಚಿ ನೋಡಿ, ತಲೆ ತಗ್ಗಿಸಿ, "ತಪ್ಪಾಯ್ತಕ್ಕ, ಮಲಗೋಕೆ ಒಂದು ಜಾಗ ಇದ್ರೆ ಕೊಡಿ" ಎಂದು ಬೇಡುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಅವಳ ಮನೆಗೂ ನನ್ನ ಹೊಲಿಗೆ ಅಂಗಡಿಗೂ ನಡುವೆ ಇದ್ದದ್ದು ಒಂದೇ ತಗಡಿನ ಗೋಡೆ. ಆ ಕಡೆ ಯಾರಾದರೂ ಆಕಳಿಸಿದರೆ ಈ ಕಡೆ ನನಗೆ ನಿದ್ದೆ ಬರುತ್ತಿತ್ತು. ಹಾಗಾಗಿ ನಾನು ಪರರ ಮನೆಯ ವಿಷಯಕ್ಕೆ ಮೂಗು ತೂರಿಸಿದೆ ಎಂದು ಯಾರೂ ಹೇಳಬೇಕಾಗಿಲ್ಲ. ಕಿವಿಗೆ ಬಿದ್ದದ್ದನ್ನು ಹೇಳುತ್ತಿದ್ದೇನೆ, ಅಷ್ಟೆ.

ಅವಳ ಕಸುಬು ಮಂಚವನ್ನು ಬಾಡಿಗೆಗೆ ಕೊಡುವುದು. ಕೋಣೆಯನ್ನಲ್ಲ, ಮಂಚವನ್ನು. ಅದೂ ಇಡೀ ಮಂಚವನ್ನಲ್ಲ, ಮಂಚದ ಮೂರರಲ್ಲೊಂದು ಪಾಲನ್ನು. ಗಣಿಯಲ್ಲಿ ಮೂರು ಪಾಳಿ ಇತ್ತಲ್ಲ, ಅವಳ ಮನೆಯಲ್ಲೂ ಮೂರು ಪಾಳಿ. ಒಬ್ಬ ಎದ್ದು ಕೆಲಸಕ್ಕೆ ಹೋದರೆ ಅದೇ ಹಾಸಿಗೆಗೆ ಕೆಲಸದಿಂದ ಬಂದ ಇನ್ನೊಬ್ಬ ಬಿದ್ದುಕೊಳ್ಳುತ್ತಿದ್ದ, ಅವನು ಎದ್ದರೆ ಮತ್ತೊಬ್ಬ. ಸೈರನ್ ಕೂಗಿದ ಮೇಲೆ ಸಿಗುತ್ತಿದ್ದ ಸ್ವಲ್ಪ ಹೊತ್ತಿನಲ್ಲಿ ಅವಳು ಸಾಲಾಗಿ ಎಲ್ಲ ಹಾಸಿಗೆಗಳನ್ನೂ ಮಗುಚಿ ಹಾಕಿ, ಚಾದರ ಕೊಡವಿ, ಕೆಂಪು ದೂಳನ್ನು ಬಾಗಿಲಾಚೆ ಗುಡಿಸಿ ನಿಲ್ಲುತ್ತಿದ್ದಳು. ದಿಂಬು ಮಾತ್ರ ಅವರವರದು. ಒಂದೊಂದು ಮಂಚದ ತಲೆಯ ಮೇಲೂ ಮೂರು ಮೊಳೆ, ಮೂರು ಚೀಲ, ಚೀಲದೊಳಗೆ ದಿಂಬು. ಆ ಚೀಲಗಳನ್ನೆಲ್ಲ ಹೊಲಿದವಳು ನಾನು. ಗುರುತು ಸಿಗಲಿ ಎಂದು ಒಂದಕ್ಕೆ ಗೆರೆಯ ಬಟ್ಟೆ, ಒಂದಕ್ಕೆ ಚುಕ್ಕೆಯದು. ಒಬ್ಬ ಗಡ್ಡದವನ ಪಾಲಿಗೆ ಗುಲಾಬಿ ಹೂವಿನ ಬಟ್ಟೆ ಬಂದು ಅವನು ವಾರಗಟ್ಟಲೆ ನನ್ನ ಜೊತೆ ಮಾತು ಬಿಟ್ಟಿದ್ದ.

ವರ್ಷಗಟ್ಟಲೆ ಒಂದೇ ಮಂಚದಲ್ಲಿ ಮಲಗಿದರೂ ಅವರಲ್ಲಿ ಒಬ್ಬರ ಮುಖ ಇನ್ನೊಬ್ಬರಿಗೆ ಗೊತ್ತಿರುತ್ತಿರಲಿಲ್ಲ. ಒಮ್ಮೆ ರಜಾ ದಿನ ಕಟಿಂಗ್ ಅಂಗಡಿಯಲ್ಲಿ ಇಬ್ಬರು ಮಾತಿಗೆ ಮಾತು ಬೆಳೆದು ಮಂಚದ ಗುರುತು ಹೇಳಿಕೊಂಡರಂತೆ. ಒಬ್ಬ ಸಟ್ಟನೆ ಎದ್ದು, "ಓಹೋ, ಹಾಸಿಗೆಯಲ್ಲಿ ಎಡಗಡೆ ಗುಂಡಿ ಬೀಳಿಸಿದ ಪುಣ್ಯಾತ್ಮ ನೀನೇನಾ!" ಎಂದು ಅವನ ಕೈ ಹಿಡಿದುಕೊಂಡನಂತೆ. ಅರ್ಧ ಗಡ್ಡದಲ್ಲೇ ಇಬ್ಬರೂ ಟೀ ಕುಡಿಯಲು ಹೋದರು.

ಆ ಮನೆಯಲ್ಲಿ ಇದ್ದದ್ದು ಒಂದೇ ಕಟ್ಟುಪಾಡು. ಮಲಗಿದವರನ್ನು ಎಬ್ಬಿಸಬಾರದು. ಆಕಾಶವೇ ಕಳಚಿ ಬೀಳಲಿ, ಸೈರನ್ ಕೂಗುವವರೆಗೆ ಯಾರೂ ಯಾರನ್ನೂ ಮುಟ್ಟುವ ಹಾಗಿಲ್ಲ. ಮಾತೆಲ್ಲ ಪಿಸುಮಾತಿನಲ್ಲೇ ನಡೆಯಬೇಕು. ಒಮ್ಮೆ ಒಬ್ಬನ ಅಣ್ಣ ಊರಿನಿಂದ ಬಂದು, ತಮ್ಮ ಏಳುವವರೆಗೂ ಹೊಸ್ತಿಲ ಮೇಲೆ ಕೂತು ಕಾದು, ಅಲ್ಲೇ ತೂಕಡಿಸಿ ಬಿದ್ದ. ಅವನನ್ನೂ ಅಕ್ಕ ಎಬ್ಬಿಸಲಿಲ್ಲ. ಸೈರನ್ ಕೂಗಿದಾಗ ಎದ್ದ ತಮ್ಮ ಅಣ್ಣನನ್ನು ದಾಟಿಕೊಂಡು ಕೆಲಸಕ್ಕೆ ಹೋಗಿಬಿಟ್ಟ.

ನಾವೆಲ್ಲ ಈ ಕಟ್ಟುಪಾಡಿನ ಮೇಲೆ ಏನೇನೋ ತಮಾಷೆ ಮಾಡುತ್ತಿದ್ದೆವು. ಅದರ ಹಿಂದಿನ ಕತೆ ನನಗೆ ಗೊತ್ತಾದದ್ದು ತಡವಾಗಿ, ಅವಳು ಹಳೆಯ ಹಾಸಿಗೆಯೊಂದಕ್ಕೆ ಹೊಸ ಕವಚ ಹೊಲಿಸಲು ಬಂದು ನನ್ನ ಯಂತ್ರದ ಪಕ್ಕ ಕೂತ ಒಂದು ದಿನ.

ಅವಳು ಗಂಡನ ಜೊತೆ ಇಲ್ಲಿಗೆ ಬಂದಾಗ ಊರೇ ಇರಲಿಲ್ಲ. ಗುಡ್ಡದ ಕೆಳಗೆ ನಾಲ್ಕಾರು ಡೇರೆ, ಒಂದು ಟೀ ಅಂಗಡಿ. ಅದಿರು ಸಿಕ್ಕಿದೆ ಎಂಬ ಸುದ್ದಿ ಹಬ್ಬಿದ್ದೇ ತಡ, ಜನ ಎಲ್ಲೆಲ್ಲಿಂದಲೋ ಟ್ರಂಕು ಹೊತ್ತುಕೊಂಡು ಬಂದರು. ಡೇರೆ ಹೋಗಿ ತಗಡು ಬಂತು, ತಗಡು ಹೋಗಿ ಇಟ್ಟಿಗೆ ಬಂತು. ರಸ್ತೆ, ಬ್ಯಾಂಕು, ಟಾಕೀಸು, ಮೂರು ಸಾಲು ಹೋಟೆಲು. ಕೊರೆಯುವ ಕೆಲಸದವನೊಬ್ಬ ಬಂದರೆ ಅವನ ಹಿಂದೆ ಅಡುಗೆಯವನು, ಚಪ್ಪಲಿ ಹೊಲಿಯುವವನು, ಬಟ್ಟೆ ಒಗೆಯುವವಳು. ನಾನೂ ಹಾಗೇ ಬಂದವಳು, ಹೊಲಿಗೆ ಯಂತ್ರ ಹೊತ್ತುಕೊಂಡು ಗಂಡನ ಹಿಂದೆ. ಗಂಡ ಇನ್ನೂ ಮುಂದೆ ಎಲ್ಲಿಗೋ ಹೋದ. ಯಂತ್ರ ಉಳಿಯಿತು. ವ್ಯಾಪಾರದಲ್ಲಿ ನನಗೇನೂ ನಷ್ಟವಾಗಲಿಲ್ಲ.

ಅಕ್ಕನ ಗಂಡನಿಗೆ ರಾತ್ರಿ ಪಾಳಿ ಬಿದ್ದಾಗ ಮನೆಯಲ್ಲಿದ್ದ ಒಂದೇ ಮಂಚ ರಾತ್ರಿ ಖಾಲಿ. ಅವಳು ಮಗುವನ್ನು ಮಗ್ಗುಲಿಗೆ ಹಾಕಿಕೊಂಡು ಅಡುಗೆ ಕೋಣೆಯಲ್ಲಿ ಮಲಗುತ್ತಿದ್ದಳು. ಬಸ್ ನಿಲ್ದಾಣದಲ್ಲಿ ಚಳಿಗೆ ನಡುಗುತ್ತ ಮಲಗಿದ್ದ ಗಂಡನ ಗೆಳೆಯನೊಬ್ಬನನ್ನು ಪಾಪ ಎಂದು ಒಳಗೆ ಕರೆದರು. ಎಲ್ಲ ಶುರುವಾದದ್ದು ಆ ಪಾಪ ಎನ್ನುವ ಮಾತಿನಿಂದ. ಕೆಲವು ತಿಂಗಳ ಮೇಲೆ ಒಂದು ಹಗಲು, ಗಂಡ ಕೆಲಸ ಮುಗಿಸಿ ಬಂದು ಆಗಷ್ಟೇ ಕಣ್ಣು ಮುಚ್ಚಿದ್ದಾಗ ಮೇಸ್ತ್ರಿ ಬಂದು ಬಾಗಿಲು ಬಡಿದ. ಒಬ್ಬ ಬಂದಿಲ್ಲ, ಬದಲಿ ಬೇಕು, ಎರಡು ಪಾಳಿಯ ಕೂಲಿ ಕೊಡುತ್ತೇವೆ ಎಂದ. ಗಂಡನಿಗೆ ಎಚ್ಚರವಾಗಲಿಲ್ಲ. ಅಕ್ಕನೇ ಭುಜ ಅಲುಗಾಡಿಸಿ ಎಬ್ಬಿಸಿದಳು. ಅವನು ಅರೆಗಣ್ಣಿನಲ್ಲೇ ಎದ್ದು, ಎಡಗಾಲಿನ ಬೂಟನ್ನು ಬಲಗಾಲಿಗೆ ಹಾಕಲು ಹೋದ. ಅವಳು ನಕ್ಕು, ಸರಿಮಾಡಿ ಕಳಿಸಿದಳು. ಗಣಿಯೊಳಗೆ ಮೇಲಿನ ಕಲ್ಲು ಸಡಿಲವಾಗಿದೆ ಎಂದು ಪಕ್ಕದವರು ಕೂಗಿದ್ದು ಅವನಿಗೆ ಕೇಳಿಸಲಿಲ್ಲವಂತೆ.

"ನಿದ್ದೆಯಲ್ಲೇ ಹೋದ್ರು ಕಣೇ," ಎಂದಳು ಅಕ್ಕ. "ನಾನು ಎಬ್ಬಿಸಿದೆ ಅಂದ್ಕೊಂಡೆ. ಅವರು ಎದ್ದೇ ಇರಲಿಲ್ಲ."

ಇಷ್ಟು ಹೇಳಿ ಅವಳು ಕವಚದ ಅಳತೆಯ ಮಾತಿಗೆ ಬಂದಳು. ನಾನೂ ಯಂತ್ರ ತುಳಿಯತೊಡಗಿದೆ.

ಆಗ ಮಗನಿಗೆ ಎರಡು ವರ್ಷವೂ ತುಂಬಿರಲಿಲ್ಲ. ಅವನು ಬೆಳೆದದ್ದು ಪರರ ಹಾಸಿಗೆಗಳಲ್ಲಿ. ಯಾವನಾದರೂ ಜ್ವರ ಬಂದು ಆಸ್ಪತ್ರೆ ಸೇರಿದರೆ ಅವನ ಮಂಚ, ಯಾವನಾದರೂ ರಜೆಯಲ್ಲಿ ಹೋದರೆ ಅವನದು. ಶಾಲೆಯಿಂದ ಬಂದವನು ಚೀಲ ಹಿಡಿದುಕೊಂಡೇ, "ಅಮ್ಮ, ಇವತ್ತು ಎಲ್ಲಿ?" ಎಂದು ಕೇಳುತ್ತಿದ್ದ. ಗಣಿಯಲ್ಲಿ ಬಾರದವನ ಜಾಗಕ್ಕೆ ಇಳಿಯುವವನನ್ನು ಬದಲಿ ಎನ್ನುತ್ತಾರೆ. ಮಲಗಲು ಬರುತ್ತಿದ್ದವರು ಹುಡುಗನಿಗೂ ಅದೇ ಹೆಸರಿಟ್ಟರು. ಮೊದಲ ಸಲ ಯಾರೋ "ಏ ಬದಲಿ, ಬಾ ಇಲ್ಲಿ" ಎಂದಾಗ ಅಕ್ಕನ ಕೈಯಲ್ಲಿದ್ದ ನೀರಿನ ಕೊಡ ಜಾರಿ ಬಿತ್ತು. ಕಾರಣ ಅವರಿಗೇನು ಗೊತ್ತು? ಹೆಸರು ಮಾತ್ರ ಅಂಟಿಕೊಂಡಿತು. ಕೊನೆಗೆ ಅವಳೇ ಹಾಗೆ ಕರೆಯತೊಡಗಿದಳು.

ಶಾಲೆಯಲ್ಲಿ ಒಂದು ದಿನ ಮೇಷ್ಟ್ರು ಮಕ್ಕಳಿಗೆಲ್ಲ ಅವರವರ ಊರು ಕೇಳಿದರಂತೆ. ಒಬ್ಬೊಬ್ಬರೂ ದೂರದ ಹೆಸರು ಹೇಳಿದರು. ನಮ್ಮಲ್ಲಿ ಊರು ಎಂದರೆ ಬಿಟ್ಟು ಬಂದ ಜಾಗ, ಇದನ್ನು ಗಣಿ ಎನ್ನುತ್ತಿದ್ದೆವೇ ಹೊರತು ಯಾರೂ ಊರು ಎನ್ನುತ್ತಿರಲಿಲ್ಲ. ಬದಲಿ ಎದ್ದು ನಿಂತು, "ಇದೇ ಸಾರ್" ಎಂದ. ಕ್ಲಾಸೆಲ್ಲ ಗೊಳ್ಳೆಂದು ನಕ್ಕಿತು. "ಇದಲ್ಲ ಕಣೋ, ನಿಜವಾದ ಊರು" ಎಂದರಂತೆ ಮೇಷ್ಟ್ರು. ಅವನು ಮನೆಗೆ ಬಂದು ಅಮ್ಮನನ್ನು ಕೇಳಿದ್ದು ಅದನ್ನಲ್ಲ. "ನನಗೊಂದು ಮಂಚ ಯಾವಾಗ ಕೊಡಿಸ್ತೀಯ?" ಎಂದು ಕೇಳಿದ.

"ಮುಂದಿನ ಸಲ ಕಂದ. ಮುಂದಿನ ಸಲ ಬರೋ ಮಂಚ ನಿಂದೇ," ಎಂದಳು.

ಅವಳು ಸುಳ್ಳು ಹೇಳಿದವಳಲ್ಲ. ಕೈಯಲ್ಲಿ ಸ್ವಲ್ಪ ಕೂಡಿದಾಗಲೆಲ್ಲ ಒಂದು ಹೊಸ ಮಂಚ ಬಂದೇ ಬರುತ್ತಿತ್ತು. ಅದರ ಕಾಲಿಗೆ ಸುತ್ತಿದ ಕಾಗದ ಬಿಚ್ಚುವ ಹೊತ್ತಿಗೆ ಬಾಗಿಲಲ್ಲಿ ಮೂರು ಜನ ಟ್ರಂಕು ಹಿಡಿದು ನಿಂತಿರುತ್ತಿದ್ದರು. ಗಣಿ ಆಳಕ್ಕೆ ಇಳಿದಷ್ಟೂ ಬಸ್ಸುಗಳು ಹೆಚ್ಚಾದವು. ನಿಲ್ದಾಣದಲ್ಲಿ, ಅಂಗಡಿ ಜಗಲಿಗಳಲ್ಲಿ, ಲಾರಿಗಳ ಕೆಳಗೆ ಜನ ಮಲಗುತ್ತಿದ್ದರು. ಅಂಥವರ ಮುಖ ನೋಡಿ ಇಲ್ಲ ಎನ್ನಲು ಅವಳಿಂದ ಆಗುತ್ತಿರಲಿಲ್ಲ. ಬಾಡಿಗೆಯ ಆಸೆಯೂ ಇರಲಿಲ್ಲ ಎಂದು ನಾನು ಹೇಳುವುದಿಲ್ಲ, ಹೊಟ್ಟೆಪಾಡು ಯಾರನ್ನು ಬಿಟ್ಟಿದೆ? "ಈ ಸಲ ಇವರಿಗೆ ಇರಲಿ ಕಂದ" ಎನ್ನುತ್ತಿದ್ದಳು. ಹುಡುಗ ತಲೆಯಾಡಿಸಿ ತನ್ನ ದಿಂಬು ಎತ್ತಿಕೊಂಡು ಹೋಗುತ್ತಿದ್ದ. ಅವನ ದಿಂಬಿಗೆ ಮೊಳೆ ಇರಲಿಲ್ಲ. ನನಗೆ ಹೊಟ್ಟೆ ಉರಿಯುತ್ತಿತ್ತು. "ಏನಕ್ಕ, ಕಂಡವರಿಗೆಲ್ಲ ಹಾಸ್ತೀಯ, ಹೆತ್ತವನಿಗೆ ಚಾಪೆನೂ ಇಲ್ವಾ?" ಎಂದು ಜಗಳಕ್ಕೇ ನಿಂತಿದ್ದೆ. ಅವಳು, "ನಿನಗೇನು ಗೊತ್ತು, ಮುಚ್ಕೊಂಡು ಹೊಲಿ" ಎಂದಳು.

ಮೀಸೆ ಮೂಡಿದ ಮೇಲೆ ಬದಲಿ ಗಣಿಗೂ ಬದಲಿಯಾಗಿಯೇ ಸೇರಿದ. ಅಮ್ಮ ಅತ್ತಳು, ಕಾಡಿದಳು, ಊಟ ಬಿಟ್ಟಳು. ಆದರೆ ಈ ಜಾಗದಲ್ಲಿ ಬೇರೆ ಕೆಲಸವಾದರೂ ಏನಿತ್ತು? ಒಂದೆರಡು ವರ್ಷ ಕಳೆಯುವಷ್ಟರಲ್ಲಿ ಎಲ್ಲೋ ದೂರದಲ್ಲಿ ಇನ್ನೊಂದು ಗಣಿ ತೆರೆದರು. ಗುತ್ತಿಗೆದಾರನೊಬ್ಬ ಲಾರಿ ತಂದು ನಿಲ್ಲಿಸಿ ಹುಡುಗರನ್ನು ಕರೆದ. ಬದಲಿ ಬಟ್ಟೆ ಕಟ್ಟಿದ.

ಅಂದು ಆ ಮನೆಯಲ್ಲಿ ಮೊದಲ ಸಲ ಗಟ್ಟಿ ದನಿ ಕೇಳಿಸಿತು.

"ಇಲ್ಲಿ ನಿನಗೇನು ಕಡಿಮೆಯಾಗಿದೆ?" ಎಂದಳು ಅಕ್ಕ.

"ಇಲ್ಲಿ ನಂದು ಅಂತ ಏನಿದೆ? ತೋರಿಸು. ಮೈ ಚಾಚೋಕೆ ಒಂದು ಜಾಗ ತೋರಿಸಿಬಿಡು, ಹೋಗಲ್ಲ."

ಕಿಟಕಿ ಪಕ್ಕದ ಮಂಚದಲ್ಲಿ ಮಲಗಿದ್ದವನೊಬ್ಬ ನಿದ್ದೆಯಲ್ಲೇ ಮಗ್ಗುಲು ಬದಲಿಸಿದ. ಅಷ್ಟಕ್ಕೇ ಇಬ್ಬರೂ ಬಾಯಿ ಮುಚ್ಚಿದರು. ಉಳಿದ ಜಗಳವನ್ನು ಪಿಸುಮಾತಿನಲ್ಲಿ ಆಡಿದರು. ಪಿಸುಮಾತಿನಲ್ಲಿ ಯಾರಾದರೂ ಮಗನನ್ನು ತಡೆದು ನಿಲ್ಲಿಸಲು ಆಗುತ್ತದೆಯೇ? ಲಾರಿ ಹೊರಟುಹೋಯಿತು.

ಮಾರನೆಯ ದಿನವೇ ಅಕ್ಕ ಆ ಕಿಟಕಿ ಪಕ್ಕದ ಮಂಚವನ್ನು ಬಾಡಿಗೆಯಿಂದ ತೆಗೆದಳು. ಅದರಲ್ಲಿ ಮಲಗುತ್ತಿದ್ದ ಮೂವರೂ ಬೇರೆ ಕಡೆ ಜಾಗ ಹುಡುಕಿಕೊಂಡರು. ಅವಳು ಮೊಳೆಗಳನ್ನು ಕಿತ್ತು ಒಂದೇ ಮೊಳೆ ಹೊಡೆದಳು. ನನ್ನಿಂದ ಹೊಸ ಹಾಸಿಗೆ ಕವಚ, ಅಂಚು ಮಡಿಸಿದ ಬಿಳಿ ಚಾದರ ಹೊಲಿಸಿದಳು. ಗಣಿಯ ಪೇಟೆಯಲ್ಲಿ ಬಿಳಿ ಚಾದರ! ನಾನು ನಕ್ಕೆ, ಅವಳು ನಗಲಿಲ್ಲ. ಮನೆಯಲ್ಲಿ ಕಾಲಿಡಲು ಜಾಗವಿಲ್ಲದ ದಿನಗಳಲ್ಲೂ ಆ ಮಂಚ ಖಾಲಿ ಇತ್ತು. ಎರಡರಷ್ಟು ಬಾಡಿಗೆ ಕೊಡುತ್ತೇನೆ ಎಂದವರಿದ್ದರು. ಅದರ ಅಂಚಿಗೆ ಕೂತು ಬೂಟು ಕಟ್ಟಲು ಹೋದವನಿಗೆ ಪೊರಕೆ ಬಿತ್ತು. "ಅದು ಬದಲಿ ಮಂಚ" ಎಂದು ಹೊಸಬರಿಗೆ ಹಳಬರು ಮೊದಲೇ ಹೇಳಿಬಿಡುತ್ತಿದ್ದರು. ತಿಂಗಳಿಗೊಮ್ಮೆ ಅವನು ನನ್ನ ಅಂಗಡಿಗೆ ಫೋನ್ ಮಾಡಿದಾಗ ಅವಳು ಕೇಳುತ್ತಿದ್ದದ್ದು ಊಟ ಆಯ್ತಾ, ನಿದ್ದೆ ಮಾಡ್ತೀಯಾ ಎಂದು. ಆಮೇಲೆ, "ನಿನ್ನ ಮಂಚ ಹಾಗೇ ಇದೆ. ಬಾ" ಎನ್ನುತ್ತಿದ್ದಳು. ಅವನು ಬರುತ್ತಾನೆ, ಅದರಲ್ಲಿ ಕಣ್ತುಂಬ ನಿದ್ದೆ ಮಾಡುತ್ತಾನೆ, ಆಮೇಲೆ ಹೋಗುವುದಿಲ್ಲ. ಅವಳ ತಲೆಯಲ್ಲಿ ಇದ್ದದ್ದು ಇಷ್ಟೇ. ಇದೊಂದು ನಡೆದರೆ ಉಳಿದದ್ದೆಲ್ಲ ಸರಿಹೋಗುತ್ತದೆ ಎಂದು ನಂಬಿದ್ದಳು.

ಅಷ್ಟರಲ್ಲಿ ಅದಿರು ತೆಳುವಾಯಿತು. ಮೊದಲು ರಾತ್ರಿ ಪಾಳಿ ನಿಂತಿತು. ಮಂಚಗಳಲ್ಲಿ ಮೂರರಲ್ಲೊಂದು ಚೀಲ ಕಡಿಮೆಯಾಯಿತು. ಆಮೇಲೆ ಎರಡನೆಯದೂ ನಿಂತಿತು. ಒಂದು ದಿನ ಸೈರನ್ನೇ ಕೂಗಲಿಲ್ಲ. ಗಣಿ ಬಾಗಿಲು ಹಾಕಿತು ಎಂದು ಗೊತ್ತಾದ ವಾರದಲ್ಲೇ ಬಂದ ದಾರಿಯಲ್ಲೇ ಜನ ಹೊರಟರು. ಟ್ರಂಕಿನ ಮೇಲೆ ದಿಂಬಿನ ಚೀಲ ಕಟ್ಟಿಕೊಂಡು, ನನಗೂ ಅಕ್ಕನಿಗೂ ಕೈಮುಗಿದು ಹೋದರು. ಗುಲಾಬಿ ಹೂವಿನ ಗಡ್ಡದವನು ಅತ್ತ. ಟಾಕೀಸಿನವನು ಕುರ್ಚಿಗಳನ್ನು ಲಾರಿಗೆ ಹಾಕಿಸಿದ, ಬ್ಯಾಂಕಿನವರು ಬೋರ್ಡನ್ನೂ ಬಿಡದೆ ಬಿಚ್ಚಿಕೊಂಡು ಹೋದರು. ಶಾಲೆಯಲ್ಲಿ ಮಕ್ಕಳಿಲ್ಲದೆ ಮೇಷ್ಟ್ರೂ ಹೋದರು, ಅವರ ನಿಜವಾದ ಊರಿಗೆ. ದಿನಕ್ಕೊಂದು ಬಸ್ಸು ಉಳಿಯಿತು. ಬೆಳಿಗ್ಗೆ ಬರುತ್ತದೆ, ಸಂಜೆ ಹೋಗುತ್ತದೆ. ಹೆಚ್ಚಾಗಿ ಡ್ರೈವರು, ಕಂಡಕ್ಟರು ಇಬ್ಬರೇ ಇರುತ್ತಾರೆ.

ಅಕ್ಕನ ಮನೆಯಲ್ಲಿ ಈಗ ಎಲ್ಲ ಮಂಚಗಳೂ ಖಾಲಿ. ಅಷ್ಟು ವರ್ಷ ಆ ಒಂದು ಮಂಚ ಖಾಲಿ ಇದೆ ಎನ್ನುವುದಕ್ಕೆ ಒಂದು ಬೆಲೆ ಇತ್ತು. ಈಗ ಯಾವುದು ಮಗನದು, ಯಾವುದು ಅಲ್ಲ ಎಂದು ಹೊರಗಿನವರಿಗೆ ತಿಳಿಯುವಂತಿರಲಿಲ್ಲ. ಅದು ಅವಳಿಗೂ ಹೊಳೆದಿರಬೇಕು. ಉಳಿದ ಮಂಚಗಳ ಹಾಸಿಗೆ ಸುತ್ತಿ ಮೂಲೆಗೆ ನಿಲ್ಲಿಸಿ ಬರೀ ಕಬ್ಬಿಣ ಬಿಟ್ಟಳು. ಕಿಟಕಿ ಪಕ್ಕದ್ದಕ್ಕೆ ಮಾತ್ರ ಚಾದರ ಇತ್ತು. ಇನ್ನೊಂದು ಹಾಸಿಗೆ ಉಳಿದದ್ದು ಪಂಪಿನವನಿಗೆ. ಮತ್ತೆ ಯಾವತ್ತಾದರೂ ತೆರೆಯಬಹುದು ಎಂದು ಕಂಪನಿಯವರು ಗಣಿಯೊಳಗಿನ ನೀರು ಎತ್ತಲು ಒಂದು ಪಂಪು, ಅದಕ್ಕೊಬ್ಬ ಮುದುಕನನ್ನು ಬಿಟ್ಟಿದ್ದರು. ರಾತ್ರಿಯೆಲ್ಲ ಪಂಪು ಕಾಯುತ್ತಿದ್ದ, ಹಗಲು ಅಕ್ಕನ ಮೂಲೆಯ ಮಂಚದಲ್ಲಿ ಮಲಗುತ್ತಿದ್ದ. ಸೈರನ್ ಇಲ್ಲದಿದ್ದರೂ ಆ ಹೊತ್ತಿಗೆ ಅಕ್ಕ ಎದ್ದು ಚಾದರ ಕೊಡವುವ ಸದ್ದು ನನಗೆ ಗೋಡೆಯಾಚೆ ಕೇಳಿಸುತ್ತಿತ್ತು.

ಬದಲಿ ಬಂದದ್ದು ಅಂಥ ಒಂದು ಬೆಳಿಗ್ಗೆ. ಬಸ್ಸಿನಿಂದ ಒಬ್ಬನೇ ಇಳಿದ. ಯಾರೋ ಮುದುಕ ದಾರಿ ತಪ್ಪಿ ಬಂದ ಎಂದುಕೊಂಡೆ. ಮಾತಿಗೊಮ್ಮೆ ಕೆಮ್ಮುತ್ತಿದ್ದ, ಗಣಿ ದೂಳಿನ ಆ ಕೆಮ್ಮು ಈ ಜಾಗದವರಿಗೆಲ್ಲ ಗೊತ್ತಿರುವಂಥದ್ದು. ಸಂಜೆಯ ಬಸ್ಸಿಗೇ ಹೋಗಬೇಕು, ನಾಳೆ ಪಾಳಿ ಇದೆ ಎಂದ. ಅಕ್ಕನಿಗೆ ಅದು ಕೇಳಿಸಿತೋ ಇಲ್ಲವೋ. ನೀರು ಕಾಯಿಸಿ ಹೊಯ್ದಳು, ಉಣ್ಣಿಸಿದಳು, ಕೈಹಿಡಿದು ಮಂಚದ ಹತ್ತಿರ ಕರೆದುಕೊಂಡು ಹೋದಳು. ನಾನೂ ಹೋಗಿ ಬಾಗಿಲಲ್ಲಿ ನಿಂತಿದ್ದೆ, ನನ್ನ ಕೈಯ ಚಾದರವಲ್ಲವೇ?

"ನಿಂದೇ. ಯಾರೂ ಮುಟ್ಟಿಲ್ಲ. ಮಲಗು," ಎಂದಳು.

ಅವನು ಮಲಗಿದ. ಕಣ್ಣು ಮುಚ್ಚಿದ. ಆ ಕಡೆ ಹೊರಳಿದ, ಈ ಕಡೆ ಹೊರಳಿದ, ಕಾಲು ಮಡಚಿಕೊಂಡ. ಕೊನೆಗೆ ಎದ್ದು ಕೂತ.

"ಆಗ್ತಿಲ್ಲಮ್ಮ. ತಣ್ಣಗಿದೆ."

"ಹೊದಿಕೆ ಕೊಡ್ಲಾ?"

"ಹೊದಿಕೆ ಅಲ್ಲ. ಹಾಸಿಗೆ ತಣ್ಣಗಿದೆ. ನಾನು ಯಾವತ್ತು ತಣ್ಣನೆ ಹಾಸಿಗೆಯಲ್ಲಿ ಮಲಗಿದ್ದೀನಿ ಹೇಳು? ಇಲ್ಲೂ ಇಲ್ಲ, ಅಲ್ಲೂ ಇಲ್ಲ. ಅಲ್ಲೂ ಮೂರು ಜನಕ್ಕೊಂದು. ಹೀಗೆ ಮಲಗಿದ್ರೆ ಯಾರೋ ಸತ್ತವರ ಜಾಗದಲ್ಲಿ ಮಲಗಿದ ಹಾಗಾಗುತ್ತೆ." ತಾನೇ ನಕ್ಕ, ಕೆಮ್ಮಿದ. "ಗಣಿ ಕಡೆ ಒಂದು ಸುತ್ತು ಹೋಗಿ ಬರ್ತೀನಿ."

ಅವನು ಆಚೆ ಹೋದದ್ದೇ ಅಕ್ಕ ಪಂಪಿನವನ ಮುಂದೆ ನಿಂತಳು. ಮುದುಕ ಆಗಷ್ಟೇ ಕೆಲಸದಿಂದ ಬಂದು ಉಂಡು ತನ್ನ ಮೂಲೆಗೆ ಹೋಗುತ್ತಿದ್ದ.

"ಇವತ್ತು ಕಿಟಕಿ ಮಂಚದಲ್ಲಿ ಮಲಗಪ್ಪ. ಅವನು ಬರೋವರೆಗೆ. ಸ್ವಲ್ಪ ಬಿಸಿಯಾಗಲಿ."

"ಅಯ್ಯೋ, ನನ್ನ ಕೈಲಿ ಆಗಲ್ಲಕ್ಕ," ಎಂದ ಮುದುಕ. ನಿಜಕ್ಕೂ ಹೆದರಿದ್ದ. "ಆ ಮಂಚಾನ? ನಾನಾ?"

"ನಾನು ಹೇಳ್ತಿದ್ದೀನಲ್ಲ. ನಾನು ಮಲಗಿದ್ರೆ ಅದೇನು ಬಿಸಿ ಆಗುತ್ತೆ, ಒಣಗಿದ ಕಡ್ಡಿ."

ಅವನು ಕಾಲು ತೊಳೆದುಕೊಂಡು ಬಂದು, ಬಿಳಿ ಚಾದರದ ಮೇಲೆ ಕಳ್ಳನ ಹಾಗೆ ಮಲಗಿದ. ರಾತ್ರಿಯೆಲ್ಲ ಎಚ್ಚರವಿದ್ದವನು, ತಲೆ ಇಟ್ಟದ್ದೇ ಗೊರಕೆ.

ಬದಲಿ ತಿರುಗಿ ಬಂದಾಗ ಬಿಸಿಲು ಇಳಿದಿತ್ತು. ಬಾಗಿಲಲ್ಲೇ ನಿಂತು ತನ್ನ ಮಂಚ ನೋಡಿದ, ಅವನ ಹಿಂದೆಯೇ ನಾನೂ ಬಂದಿದ್ದೆ. ಅಕ್ಕ ಅಡುಗೆ ಕೋಣೆಯಿಂದ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿಬಂದಳು.

"ನಿನಗೋಸ್ಕರಾನೇ ಮಲಗಿಸಿದ್ದು," ಎಂದು ಪಿಸುಗುಟ್ಟಿದಳು. "ಬಿಸಿಯಾಗಿರುತ್ತೆ ಈಗ. ತಡಿ, ಎಬ್ಬಿಸ್ತೀನಿ."

ಅವಳು ಮುದುಕನ ಭುಜದ ಹತ್ತಿರ ಕೈ ಒಯ್ದಳು. ಕೈ ಅಲ್ಲೇ ನಿಂತಿತು. ಎಬ್ಬಿಸಿಬಿಡು ಅಕ್ಕ, ಎಬ್ಬಿಸು ಎಂದು ನನ್ನ ಒಳಗೆಲ್ಲ ಕೂಗುತ್ತಿತ್ತು. ನನ್ನ ಬಾಯಿಂದಲೂ ದನಿ ಬರಲಿಲ್ಲ. ಆ ಮನೆಯಲ್ಲಿ ಯಾರಿಗೂ ಅದು ಅಭ್ಯಾಸವಿರಲಿಲ್ಲ. ಅವಳು ಮಗನ ಕಡೆ ತಿರುಗಿದಾಗ ಅವಳ ಮುಖ ನೋಡಲಾಗುತ್ತಿರಲಿಲ್ಲ.

"ಬೇಡ ಬಿಡಮ್ಮ," ಎಂದ ಅವನೂ ಪಿಸುದನಿಯಲ್ಲೇ. ಅವನಿಗೆ ಸಿಟ್ಟಿರಲಿಲ್ಲ. "ಮಲಗಿದವರನ್ನ ಎಬ್ಬಿಸಬಾರದು. ಬೇರೆಯವರು ಬಿಸಿ ಮಾಡಿದ ಹಾಸಿಗೆ ಅಲ್ಲಿ ಇದ್ದೇ ಇದೆಯಲ್ಲ. ಹೊತ್ತಾಯ್ತು, ಬಸ್ಸು ಹೋಗಿಬಿಡುತ್ತೆ."

"ಒಂದು ಗಳಿಗೆ ಇರು. ಈಗ ಏಳ್ತಾನೆ."

"ಮುಂದಿನ ಸಲ ಅಮ್ಮ."

ಅವಳು ಅವನಿಗೆ ಚಿಕ್ಕಂದಿನಲ್ಲೆಲ್ಲ ಹೇಳುತ್ತಿದ್ದ ಅದೇ ಮಾತು. ಅವನು ಬೇಕೆಂದು ಹೇಳಿದ್ದಲ್ಲ, ಬಾಯಿಗೆ ಬಂತು. ಚೀಲ ಎತ್ತಿಕೊಂಡು, ಬೂಟಿನ ಸದ್ದಾಗದಂತೆ ತುದಿಗಾಲಿನಲ್ಲಿ ಹೊರಗೆ ಹೋದ. ಬೀದಿಗೆ ಇಳಿದ ಮೇಲೇ ಕೆಮ್ಮಿದ, ಅಲ್ಲಿಯವರೆಗೆ ತಡೆದುಕೊಂಡಿದ್ದ.

ಅಕ್ಕ ಮಂಚದ ಪಕ್ಕ ಸ್ಟೂಲು ಹಾಕಿಕೊಂಡು ಕೂತಳು. ನಾನೂ ಗೋಡೆಗೊರಗಿ ಕೂತೆ. ದೂರದಲ್ಲಿ ಬಸ್ಸಿನ ಹಾರನ್ ಎರಡು ಸಲ ಕೇಳಿಸಿತು. ಅವಳು ಅಲುಗಾಡಲಿಲ್ಲ. ಮುದುಕ ಗೊರಕೆ ಹೊಡೆಯುತ್ತಲೇ ಇದ್ದ, ಕೆಟ್ಟ ಮುದುಕ, ಅವನ ತಪ್ಪೇನೂ ಇರಲಿಲ್ಲ. ದೀಪ ಹಚ್ಚುವ ಹೊತ್ತಿಗೆ ತಾನಾಗಿ ಎದ್ದು, ಎಲ್ಲಿದ್ದೇನೆ ಎಂದು ಗಾಬರಿಯಿಂದ ನೋಡಿ, ಮಂಚದಿಂದ ಕೆಳಗೆ ಜಿಗಿದ.

ಅಕ್ಕ ಚಾದರದ ಮೇಲೆ ಅಂಗೈ ಇಟ್ಟಳು. ಅವಳ ಮುಖ ಒಮ್ಮೆಲೇ ಅರಳಿತು.

"ಬಿಸಿ ಇದೆ ಕಣೇ," ಎಂದಳು ನನಗೆ, ಗಟ್ಟಿ ದನಿಯಲ್ಲಿ. "ಓಡು, ಓಡು, ಅವನನ್ನ ಕರಿ."

ಬಸ್ಸು ಹೋಗಿ ಎಷ್ಟೋ ಹೊತ್ತಾಗಿದೆ ಎಂದು ನನಗೆ ಗೊತ್ತಿತ್ತು. ಅವಳ ಅಂಗೈ ಇನ್ನೂ ಚಾದರದ ಮೇಲೇ ಇತ್ತು. ನಾನು ಚಪ್ಪಲಿಯನ್ನೂ ಮೆಟ್ಟದೆ ಓಡಿದೆ.